ಟರ್ಬೈನ್ ದಾಟಿದ ಹಬೆಯ ಲೆಕ್ಕ

ಕಾರ್ಖಾನೆಗಾಗಿ ನಡೆಯುವ ಸಣ್ಣ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಬಂದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಒಂದು ಯೂನಿಟ್ ಕರೆಂಟಿಗೆ ಎಷ್ಟು ಕಲ್ಲಿದ್ದಲು ಬೇಕು? ನಾನು ಮೊದಲು ಕೇಳುವುದು ಬೇರೆ. ಟರ್ಬೈನ್ ದಾಟಿದ ಹಬೆ ಎಲ್ಲಿಗೆ ಹೋಗುತ್ತಿದೆ? ಸ್ಥಾವರದ ಲಾಭ ನಷ್ಟ ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗಿರುತ್ತದೆ.

ಒಂದು ಕಿಲೋ ನೀರನ್ನು ಸೊನ್ನೆಯಿಂದ 100 ಡಿಗ್ರಿಗೆ ಕಾಯಿಸಲು ಸುಮಾರು 419 ಕಿಲೋಜೂಲ್ ಶಾಖ ಸಾಕು. ಅದೇ ನೀರು ಪೂರ್ತಿ ಹಬೆಯಾಗಲು ಇನ್ನೂ 2,257 ಕಿಲೋಜೂಲ್ ಬೇಕು. ಐದು ಪಟ್ಟಿಗಿಂತ ಜಾಸ್ತಿ! ಹಬೆ ಮತ್ತೆ ನೀರಾದಾಗ ಮಾತ್ರ ಈ ಶಾಖ ಹೊರಬರುತ್ತದೆ. ಬರೀ ಕರೆಂಟಿಗಾಗಿ ನಡೆಯುವ ಸ್ಥಾವರದಲ್ಲಿ ಹಬೆ ನೀರಾಗುವುದು ಕಂಡೆನ್ಸರ್‌ನಲ್ಲಿ. ಅಷ್ಟೂ ಶಾಖ ಕೂಲಿಂಗ್ ಟವರ್ ಮೂಲಕ ಗಾಳಿಪಾಲು. ಹಾಗಾಗಿ ಸಣ್ಣ ಸ್ಥಾವರದಲ್ಲಿ ಕಲ್ಲಿದ್ದಲಿನ ಶಕ್ತಿಯ ಕಾಲು ಭಾಗ, ಹೆಚ್ಚೆಂದರೆ ಅದಕ್ಕಿಂತ ತುಸು ಮೇಲೆ, ಕರೆಂಟಾಗುತ್ತದೆ.

ಆದರೆ ಬಟ್ಟೆಗೆ ಬಣ್ಣ ಹಾಕುವ, ಕಾಗದ ಒಣಗಿಸುವ ಕಾರ್ಖಾನೆಗೆ ಬೇಕಿರುವುದು ಇದೇ ಶಾಖ, ಅಲ್ವಾ? 3–4 ಬಾರ್ ಒತ್ತಡದ, 140 ಡಿಗ್ರಿ ಆಸುಪಾಸಿನ ಹಬೆ ಸಿಕ್ಕರೆ ಅವರ ಕೆಲಸ ಆಗುತ್ತದೆ. ಬಾಯ್ಲರ್‌ನಿಂದ 60 ಬಾರ್ ಒತ್ತಡದಲ್ಲಿ ಹೊರಟ ಹಬೆ ಮೊದಲು ಟರ್ಬೈನ್ ತಿರುಗಿಸಲಿ, 4 ಬಾರ್‌ಗೆ ಇಳಿದ ಮೇಲೆ ಕಾರ್ಖಾನೆಗೆ ಹೋಗಲಿ. ಇದೇ ಬ್ಯಾಕ್ ಪ್ರೆಷರ್ ಟರ್ಬೈನ್. ಹೀಗೆ ನಡೆಸಿದರೆ ಕಲ್ಲಿದ್ದಲಿನ ಶಕ್ತಿಯಲ್ಲಿ ಶೇಕಡಾ 70ಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಈ ಒಂದು ವಿಷಯದಲ್ಲಿ ಸಣ್ಣ ಸ್ಥಾವರ ದೊಡ್ಡದನ್ನೂ ಮೀರಿಸುತ್ತದೆ.

ಇಷ್ಟು ಸರಳವಾಗಿದ್ದರೂ ಹಲವು ಕಡೆ ಒಂದು ವಾಲ್ವ್ ಈ ಲಾಭವನ್ನು ತಿಂದುಹಾಕುತ್ತದೆ. ಅದರ ಹೆಸರು ಪಿಆರ್‌ಡಿಎಸ್. ಟರ್ಬೈನ್ ನಿಂತಾಗ ಕಾರ್ಖಾನೆಗೆ ಹಬೆ ತಪ್ಪಬಾರದೆಂದು ಬಾಯ್ಲರ್‌ನ ಹಬೆಯ ಒತ್ತಡವನ್ನು ನೇರವಾಗಿ ಇಳಿಸಿ, ಮೇಲೆ ನೀರು ಚಿಮುಕಿಸಿ ತಣಿಸಿ ಕಳಿಸುವ ವ್ಯವಸ್ಥೆ ಅದು. ತುರ್ತಿಗೆ ಬೇಕೇ ಬೇಕು. ಆದರೆ ಅದರ ಮೂಲಕ ಹೋದ ಹಬೆ ಒಂದು ಯೂನಿಟ್ ಕರೆಂಟನ್ನೂ ಕೊಡುವುದಿಲ್ಲ. ಟರ್ಬೈನ್ ಚೆನ್ನಾಗಿ ಓಡುತ್ತಿರುವಾಗಲೂ ಅದು ಸ್ವಲ್ಪ ತೆರೆದೇ ಇದ್ದರೆ, ಕಾಸು ಕೊಟ್ಟು ತಂದ ಒತ್ತಡವನ್ನು ಸುಮ್ನೆ ಚೆಲ್ಲಿದ ಹಾಗೆ. ಆ ಲೈನಿಗೆ ಒಂದು ಫ್ಲೋ ಮೀಟರ್ ಹಾಕಿಸಿ. ಒಳ್ಳೆಯ ಕಲ್ಲಿದ್ದಲು ಹುಡುಕುವ ಕೆಲಸ ಆಮೇಲೆ.

ಇನ್ನೊಂದು ತೊಡಕಿದೆ. ಕಾರ್ಖಾನೆಯ ಹಬೆಯ ಬೇಡಿಕೆ ಮತ್ತು ಕರೆಂಟಿನ ಬೇಡಿಕೆ ಒಟ್ಟೊಟ್ಟಿಗೆ ಏರಿಳಿಯುವುದಿಲ್ಲ. ಪೇಪರ್ ಮಿಲ್ಲನ್ನೇ ನೋಡಿ. ಮೆಷಿನ್ನಿನಲ್ಲಿ ಕಾಗದದ ಹಾಳೆ ಹರಿದ ತಕ್ಷಣ ಡ್ರೈಯರ್‌ಗಳಿಗೆ ಹಬೆ ಬೇಡವಾಗುತ್ತದೆ. ಮೋಟಾರ್‌ಗಳು ಮಾತ್ರ ತಿರುಗುತ್ತಲೇ ಇರುತ್ತವೆ. ಕಲ್ಲಿದ್ದಲು ಫೀಡರ್ ನಿಧಾನ ಮಾಡಿದರೂ 850 ಡಿಗ್ರಿಯ ಬೆಡ್, ಅಂದರೆ ಕಲ್ಲಿದ್ದಲು ಉರಿಯುವ ಬಿಸಿ ಮರಳಿನ ಹಾಸು, ತಕ್ಷಣ ತಣಿಯುವುದಿಲ್ಲ. ಬಾಯ್ಲರ್‌ನಲ್ಲಿ ಒತ್ತಡ ಏರುತ್ತದೆ. ಆಗ ಹಬೆ ನೀರಿನಿಂದ ಬೇರ್ಪಡುವ ಬಾಯ್ಲರ್ ಡ್ರಮ್ಮಿನ ನೀರಿನೊಳಗಿನ ಹಬೆಯ ಗುಳ್ಳೆಗಳು ಕುಗ್ಗಿ, ನೀರಿನ ಮಟ್ಟ ಇಳಿದಂತೆ ಕಾಣುತ್ತದೆ. ನಿಜವಾಗಿ ನೀರು ಕಡಿಮೆಯಾಗಿರುವುದಿಲ್ಲ. ಹೊಸ ಆಪರೇಟರ್ ಗಾಬರಿಯಾಗಿ ನೀರು ಜಾಸ್ತಿ ಬಿಟ್ಟರೆ, ಒತ್ತಡ ಇಳಿಯುತ್ತಿದ್ದಂತೆ ಮಟ್ಟ ಉಕ್ಕಿ ಹಬೆಯ ಜೊತೆ ನೀರೂ ಹೊರಡುತ್ತದೆ. ಟರ್ಬೈನಿನ ಬ್ಲೇಡಿಗೆ ಅದರಷ್ಟು ಕೆಟ್ಟದ್ದು ಬೇರೆ ಇಲ್ಲ. ಅದಕ್ಕೇ ಡ್ರಮ್ ಮಟ್ಟ, ಹೊರಹೋಗುವ ಹಬೆ, ಒಳಬರುವ ನೀರು ಮೂರನ್ನೂ ಒಟ್ಟಿಗೆ ನೋಡುವ ಕಂಟ್ರೋಲ್ ಬೇಕು. ಹೊಸಬರಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಟ್ರೆಂಡ್, ಅಂದರೆ ಈ ಅಳತೆಗಳ ಏರಿಳಿತದ ಗ್ರಾಫ್, ತೆರೆದು ತೋರಿಸಬೇಕು.

ಚಿಮಣಿಯ ಕಡೆಗೂ ಗಮನ ಇರಲಿ. ಹೊಗೆಯ ಬಿಸಿ 22 ಡಿಗ್ರಿ ಹೆಚ್ಚಾದರೆ ಬಾಯ್ಲರ್ ದಕ್ಷತೆ ಸುಮಾರು ಶೇಕಡಾ 1 ಇಳಿಯುತ್ತದೆ. ಹಾಗಂತ ತೀರಾ ತಣಿಸಿದರೆ ಗಂಧಕದ ಆಮ್ಲ ಹನಿಗಟ್ಟಿ ಲೋಹ ತಿನ್ನುತ್ತದೆ. ಕಲ್ಲಿದ್ದಲಿನಲ್ಲಿರುವ ಒಂದು ಕಿಲೋ ಇಂಗಾಲ ಸುಟ್ಟರೆ ಸುಮಾರು 3.67 ಕಿಲೋ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಉಳಿಸಿದ ಪ್ರತಿ ಕಿಲೋ ಕಲ್ಲಿದ್ದಲೂ ನನಗೆ ಮುಖ್ಯ ಅನ್ನಿಸುವುದು ಇದಕ್ಕೇ.

ಹೊಸ ಟರ್ಬೈನ್ ಕೊಳ್ಳುವವರು ಹಗಲಿನ ಗರಿಷ್ಠ ಕರೆಂಟ್ ಲೋಡ್ ನೋಡಿ ಗಾತ್ರ ನಿರ್ಧರಿಸಬೇಡಿ. ಒಂದು ವರ್ಷದ ಹಬೆಯ ಬಳಕೆಯನ್ನು ಗಂಟೆ ಗಂಟೆಗೆ ಬರೆದಿಡಿ. ರಾತ್ರಿ ಪಾಳಿಯಲ್ಲೂ ತಪ್ಪದೆ ಬೇಕಾಗುವ ಹಬೆ ಎಷ್ಟು ಎಂದು ತೆಗೆಯಿರಿ. ಬ್ಯಾಕ್ ಪ್ರೆಷರ್ ಟರ್ಬೈನಿನ ಗಾತ್ರ ಅಷ್ಟರ ಸುತ್ತಲೇ ಇರಲಿ.