ಶಾಲೆಯ ಡಿಶ್: ಕೋಳಿಜಾಲರಿಯಿಂದ ಎಜುಸ್ಯಾಟ್‌ವರೆಗೆ

1975ರ ಆಗಸ್ಟ್ 1ರಿಂದ ಒಂದು ವರ್ಷ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿ ಶಾಲೆಗಳಿಗೆ ಟಿ.ವಿ. ಪಾಠ ನೇರವಾಗಿ ಉಪಗ್ರಹದಿಂದ ಬರುತ್ತಿತ್ತು. ನಾಸಾದ ಎಟಿಎಸ್-6 ಉಪಗ್ರಹ ಬಳಸಿ ಇಸ್ರೊ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಸಿದ ‘ಸೈಟ್’ ಪ್ರಯೋಗ ಅದು.

ಅದರ ಡಿಶ್ 3 ಮೀಟರ್ ಅಗಲದ್ದು, ಮೈಯೆಲ್ಲ ಕೋಳಿಗೂಡಿಗೆ ಹೊಡೆಯುವ ತಂತಿಜಾಲರಿ. ಪ್ರಸಾರ 860 ಮೆಗಾಹರ್ಟ್ಸ್‌ನಲ್ಲಿದ್ದುದರಿಂದ ತರಂಗಾಂತರ ಸುಮಾರು 35 ಸೆಂ.ಮೀ. ಇಷ್ಟು ಉದ್ದದ ಅಲೆಗೆ ಒಂದೆರಡು ಸೆಂ.ಮೀ. ಕಿಂಡಿಯ ಜಾಲರಿಯೂ ಗಟ್ಟಿ ತಗಡಿನಂತೆಯೇ ಕೆಲಸ ಮಾಡುತ್ತದೆ. ಗಾಳಿ ತೂರಿ ಹೋಗುವುದರಿಂದ ಕಂಬಕ್ಕೆ ಭಾರ ಬೀಳದು. ಅಂಥ ಡಿಶ್‌ನ ನೋಟದ ಅಗಲ, ಅಂದರೆ ಅದು ಸಿಗ್ನಲ್ ಹಿಡಿಯಬಲ್ಲ ಕೋನ, ಸುಮಾರು 8 ಡಿಗ್ರಿ. ದನ ಮೈಯುಜ್ಜಿ ಕಂಬ ಒಂದು ಡಿಗ್ರಿ ವಾಲಿದರೂ ಚಿತ್ರ ಹೋಗುವುದಿಲ್ಲ. ಹಳ್ಳಿಗೆ ಇದಕ್ಕಿಂತ ಒಪ್ಪುವ ವಿನ್ಯಾಸ ಆಮೇಲೆ ಬರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

2004ರ ಸೆಪ್ಟೆಂಬರ್ 20ರಂದು ಹಾರಿದ, ಶಿಕ್ಷಣಕ್ಕೆಂದೇ ಇಸ್ರೊ ಮಾಡಿದ ಉಪಗ್ರಹ ಎಜುಸ್ಯಾಟ್ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠ ತಂದಿತು. ಅದು ಬಳಸಿದ ‘ಕೆಯು ಬ್ಯಾಂಡ್’ ಎಂಬ ಹೆಚ್ಚಿನ ಕಂಪನಾಂಕದ ಪಟ್ಟಿಯಲ್ಲಿ ತರಂಗಾಂತರ 3 ಸೆಂ.ಮೀ.ಗಿಂತ ಕಡಿಮೆ. ಡಿಶ್ ಚಿಕ್ಕದಾಯಿತು, ಆದರೆ ನಾಜೂಕೂ ಆಯಿತು. ಒಂದು ಮೀಟರ್ ಡಿಶ್‌ನ ನೋಟ 2 ಡಿಗ್ರಿಯಷ್ಟೇ. ನಟ್ಟು ಸಡಿಲಾಗಿ ಡಿಶ್ ಒಂದೂವರೆ ಡಿಗ್ರಿ ಸರಿದರೆ ಸಿಗ್ನಲ್ ಕಟ್. ಜೋರು ಮಳೆ ಬಂದರೂ ಅಷ್ಟೇ, ಏಕೆಂದರೆ ಹನಿಗಳು ಈ ಅಲೆಯನ್ನು ಹೀರಿ ಚೆದುರಿಸುತ್ತವೆ. ಹಳೆಯ ಅನಲಾಗ್ ಚಿತ್ರದಲ್ಲಿ ಮೊದಲು ಚುಕ್ಕಿ ಏಳುತ್ತಿದ್ದವು, ಏನೋ ಕೆಡುತ್ತಿದೆ ಎಂದು ಗೊತ್ತಾಗುತ್ತಿತ್ತು. ಡಿಜಿಟಲ್ ಚಿತ್ರ ಕೊನೆಯವರೆಗೂ ಚೆನ್ನಾಗಿದ್ದು ಒಮ್ಮೆಲೇ ನಿಲ್ಲುತ್ತದೆ.

ಇಂಥ ಡಿಶ್ ಕೈಕೊಟ್ಟಾಗ ಮೊದಲೇ ತಿರುಗಿಸಲು ಹೋಗಬೇಡಿ. ಟಿ.ವಿ. ಪಕ್ಕದ ರಿಸೀವರ್ ಬಾಕ್ಸ್ ಆಫ್ ಮಾಡಿ, ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿಗೆ (ಎಲ್‌ಎನ್‌ಬಿ) ಸೇರುವ ಕೇಬಲ್ ತುದಿ ಬಿಚ್ಚಿ ನೋಡಿ. ನಡುವಿನ ತಾಮ್ರದ ತಂತಿ ಹಸಿರು ಹಿಡಿದಿದ್ದರೆ ನೀರು ಇಳಿದಿದೆ ಎಂದೇ ಅರ್ಥ. ಆ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಬಾಕ್ಸ್ ಮತ್ತೆ ಆನ್ ಮಾಡಿ. ಆಮೇಲೂ ಬಾರದಿದ್ದರೆ ಮಾತ್ರ ನಟ್ಟು ಸ್ವಲ್ಪ ಸಡಿಲಿಸಿ, ಡಿಶ್ಶನ್ನು ಕೂದಲೆಳೆಯಷ್ಟು ಸರಿಸಿ, ಪ್ರತಿ ಸಲವೂ ನಾಲ್ಕೈದು ಸೆಕೆಂಡ್ ಕಾಯಿರಿ. ಬಾಕ್ಸ್ ಸಿಗ್ನಲ್ ಹಿಡಿಯಲು ಅಷ್ಟು ಹೊತ್ತು ಬೇಕು. ಅವಸರ ಮಾಡಿದರೆ ಸರಿಯಾದ ಜಾಗ ದಾಟಿಬಿಡುತ್ತೀರಿ.

ಯಂತ್ರ ಸರಿಯಿದ್ದರೂ ಪಾಠ ಕೆಡುವ ಜಾಗ ಇನ್ನೊಂದಿದೆ, ಅದು ವೇಳಾಪಟ್ಟಿ. ಸೈಟ್ ತನ್ನ ಬೆಳಗಿನ ಒಂದೂವರೆ ಗಂಟೆಯನ್ನು ನಾಲ್ಕು ಭಾಷೆಗಳಿಗೆ ಹಂಚಿತ್ತು. ಕನ್ನಡಕ್ಕೆ ಸಿಕ್ಕಿದ್ದು ಇಪ್ಪತ್ತೆರಡೂವರೆ ನಿಮಿಷ. 40 ನಿಮಿಷದ ಪೀರಿಯಡ್‌ನಲ್ಲಿ ಅಷ್ಟು ಕಳೆದರೆ ಉಳಿಯುವುದು ಸುಮಾರು 17. ಮೊದಲ 5 ನಿಮಿಷದಲ್ಲಿ ‘ಇದನ್ನು ಗಮನಿಸಿ’ ಎಂದು ಮಕ್ಕಳಿಗೆ ಎರಡು ಪ್ರಶ್ನೆ ಕೊಡಬೇಕು, ಕೊನೆಯ 12 ನಿಮಿಷದಲ್ಲಿ ಅವಕ್ಕೆ ಉತ್ತರ ಅವರ ಬಾಯಿಂದಲೇ ಬರಬೇಕು. ಇವತ್ತು ಪೆನ್‌ಡ್ರೈವ್‌ನಲ್ಲಿ ಪಾಠ ತಂದು ಪ್ರೊಜೆಕ್ಟರ್‌ನಲ್ಲಿ ತೋರಿಸುವ ಶಿಕ್ಷಕರಿಗೆ ಬೇಕಾದಲ್ಲಿ ನಿಲ್ಲಿಸುವ ಅನುಕೂಲವೂ ಇದೆ. 40 ನಿಮಿಷವನ್ನೂ ಒಂದೇ ವಿಡಿಯೊಗೆ ಕೊಡುವ ತರಗತಿಗಳನ್ನು ಕಂಡಾಗ ಬೇಸರವಾಗುತ್ತದೆ. ವಿಡಿಯೊ ಉದ್ದವಿದ್ದರೆ ಎರಡು ದಿನಕ್ಕೆ ಹಂಚಿ, ಆ ಕೊನೆಯ 12 ನಿಮಿಷಕ್ಕೆ ಕೈಹಾಕಬೇಡಿ.