ಲಾನ್ ಕಿತ್ತ ಜಾಗಕ್ಕೆ ರೋಯೋ

ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಆದೇಶ ಹೊರಡಿಸಿದ ಮೇಲೆ, ಲಾನ್ ತೆಗೆದು ಬೇರೇನಾದರೂ ಹಾಕಿಕೊಡಿ ಎನ್ನುವವರು ಹೆಚ್ಚಾದರು. ಯಾರೂ ತುಳಿಯದ, ನೋಡುವುದಕ್ಕಷ್ಟೇ ಇರುವ ಜಾಗವಾದರೆ ನಾನು ಮೊದಲು ಹೇಳುವುದು ಕುಳ್ಳ ಜಾತಿಯ ರೋಯೋ ಗಿಡ.

ಎಲೆಯ ಮೇಲ್ಭಾಗ ಹಸಿರು, ಅಡಿಭಾಗ ನೇರಳೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ನೆನಪಿರಬಹುದು: ಇದೇ ಎಲೆಯ ನೇರಳೆ ಸಿಪ್ಪೆ ಸುಲಿದು ಉಪ್ಪುನೀರಿಗೆ ಹಾಕಿ, ಜೀವಕೋಶದ ಒಳಗಿನದು ಮುದುಡುವುದನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸುತ್ತಾರೆ. ದಕ್ಷಿಣ ಮೆಕ್ಸಿಕೊ, ಗ್ವಾಟೆಮಾಲಾ ಕಡೆಯ ಗಿಡ. ಎಲೆಯನ್ನು ಬ್ಲೇಡಿನಿಂದ ಅಡ್ಡ ಕೊಯ್ದು ನೋಡಿ, ಹಸಿರಿನ ಜೊತೆಗೆ ಬಣ್ಣವಿಲ್ಲದ, ನೀರು ತುಂಬಿದ ದಪ್ಪ ಪದರ ಕಾಣುತ್ತದೆ. ಬೇಸಿಗೆಗೆ ಅದೇ ಆಸರೆ.

ಹಾಗಾಗಿ ಇದು ಒಣಗಿ ಸಾಯುವುದು ಅಪರೂಪ, ಕೊಳೆತು ಸಾಯುವುದೇ ಜಾಸ್ತಿ. ದಿನಾ ಲಾನ್‌ಗೆ ಪೈಪು ಹಿಡಿದು ಅಭ್ಯಾಸವಾದ ಮಾಲಿಯ ಕೈ ಸುಮ್ಮನಿರುವುದಿಲ್ಲ. ಬುಡ ಮೆತ್ತಗಾಗುತ್ತದೆ, ಹಿಡಿದೆಳೆದರೆ ಎಲೆಗೊಂಚಲು ಬೇರಿನಿಂದ ಕಳಚಿ ಹಾಗೇ ಕೈಗೆ ಬರುತ್ತದೆ, ನಾರುತ್ತದೆ. ಹೊಸ ಮನೆಗಳ ಅಂಗಳದಲ್ಲಿ ಈ ಕಾಟ ಇನ್ನೂ ಹೆಚ್ಚು. ಮೇಲೆ ಅರ್ಧ ಅಡಿ ಕೆಂಪು ಮಣ್ಣು ಹರಡಿರುತ್ತಾರೆ, ಅಗೆದರೆ ಬರೀ ಇಟ್ಟಿಗೆ, ಗಾರೆ ಚೂರು, ಗಟ್ಟಿಯಾದ ಸಿಮೆಂಟು. ನೀರು ಇಳಿಯುವುದಾದರೂ ಎಲ್ಲಿಗೆ? ಒಂದಡಿ ಅಗೆಸಿ, ಚೂರೆಲ್ಲ ತೆಗೆಸಿ, ಮರಳು ಮತ್ತು ಹಳೇ ಕೊಟ್ಟಿಗೆ ಗೊಬ್ಬರ ಬೆರೆಸಿ. ಗರಿಕೆ ಬೇರು, ಕೊನ್ನಾರಿ ಗಡ್ಡೆಯನ್ನು ಆಗಲೇ ಆರಿಸಿಬಿಡಬೇಕು. ರೋಯೋ ಕೂಡಿಕೊಂಡ ಮೇಲೆ ಅದರ ನಡುವೆ ಕೈ ಹಾಕಿ ಕೊನ್ನಾರಿ ಕೀಳುವುದು ಯಾರಿಗೂ ಬೇಡ.

ಜೂನ್ ಮಳೆ ಹಿಡಿದಾಗ ನೆಡಿ. ಗಿಡದಿಂದ ಗಿಡಕ್ಕೆ ಅರ್ಧದಿಂದ ಮುಕ್ಕಾಲು ಅಡಿ ಸಾಕು. ಇನ್ನೂ ಒತ್ತೊತ್ತಾಗಿ ಹಾಕಿ ಎಂದು ನರ್ಸರಿಯವರು ಹೇಳಿದರೆ ಅದು ಅವರ ವ್ಯಾಪಾರ. ಬುಡದಲ್ಲಿ ಮರಿ ಬರುತ್ತಲೇ ಇರುತ್ತವೆ, ಖಾಲಿ ಕಂಡಲ್ಲಿ ಅವನ್ನೇ ಕಿತ್ತು ನೆಟ್ಟರಾಯಿತು. ಬೇರು ಹಿಡಿದ ಮೇಲೆ ಬೆರಳಿಟ್ಟು ನೋಡಿ, ಮಣ್ಣು ಪೂರ್ತಿ ಒಣಗಿದ್ದರೆ ಮಾತ್ರ ನೀರು. ಬಿಸಿಲಿದ್ದಲ್ಲಿ ಬಣ್ಣ ಗಾಢ, ಮಾವಿನ ಮರದಡಿ ಹಾಕಿದರೆ ಹಸಿರು ಹೆಚ್ಚಿ ಸಡಿಲವಾಗಿ ಬೆಳೆಯುತ್ತದೆ.

ಮನೆಯಲ್ಲಿ ನಾಯಿಯಿದ್ದರೆ ಯೋಚಿಸಿ. ಇದರ ರಸ ಮೈಗೆ ತಾಗಿದರೆ ತುರಿಕೆ. ಕೀಳುವ ಮಾಲಿಗೂ ಕೈಗವಸು ಕೊಡಿ. ಕಿತ್ತದ್ದನ್ನು ಪಕ್ಕದ ಖಾಲಿ ಸೈಟಿಗೋ ರಾಜಕಾಲುವೆಗೋ ಎಸೆಯಬೇಡಿ. ಫ್ಲೋರಿಡಾದಲ್ಲಿ ಇದು ತೋಟ ದಾಟಿ ಕಾಡಿಗೆ ನುಗ್ಗಿ ಕಳೆಯಾಗಿದೆ.