ಮನೆಗೆಲ್ಲಾ ಒಂದೇ ಕಣ್ಣಿನ ಡ್ರಾಪ್ಸ್ ಬೇಡ

ಶಿವರಾತ್ರಿ ಮುಗಿಯಿತೆಂದರೆ ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ಮಕ್ಕಳು ಜಾಸ್ತಿ ಆಗುತ್ತಾರೆ. ಐದು ವರ್ಷದಿಂದ ಹದಿನಾಲ್ಕರವರೆಗಿನವರು, ಅದರಲ್ಲೂ ಗಂಡು ಹುಡುಗರೇ ಹೆಚ್ಚು. ಅವರು ಒಳಗೆ ಬರುವ ಮುಂಚೆಯೇ ತೊಂದರೆ ಏನೆಂದು ನನಗೆ ಗೊತ್ತಾಗಿರುತ್ತದೆ. ಮುಷ್ಟಿ ಕಟ್ಟಿಕೊಂಡು ಕಣ್ಣು ತಿಕ್ಕುತ್ತಾ ಕೂತಿರುತ್ತಾರೆ. ಪಕ್ಕದಲ್ಲಿ ತಾಯಿ ಆ ಕೈ ಹಿಡಿದು ಎಳೆಯುತ್ತಿರುತ್ತಾರೆ. "ಕಣ್ಣಾಗ ಬಾಳ ತಿಂಡಿ ಅಂತಾನ್ರಿ, ತಿಕ್ಕಬ್ಯಾಡಂದ್ರ ಕೇಳವಲ್ಲ." ಧಾರವಾಡದ ಕಡೆ ತುರಿಕೆಗೆ ತಿಂಡಿ ಅಂತಾರೆ.

ಈ ಬೇಸಿಗೆಯಲ್ಲಿ ಬಂದ ಒಂದು ಮನೆಯವರ ವಿಷಯ ಹೇಳುತ್ತೇನೆ. ಒಂಬತ್ತು ವರ್ಷದ ಹುಡುಗ, ತಾಯಿ, ಜೊತೆಗೆ ಅಜ್ಜಿ. ತಾಯಿ ಬ್ಯಾಗಿನಿಂದ ಒಂದು ಪುಟ್ಟ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಲೇಬಲ್ ಅರ್ಧ ಅಳಿಸಿತ್ತು. "ಇದನ್ನ ಹಾಕಿದ್ರ ಎರಡು ದಿನದಾಗ ಕಣ್ಣು ಬೆಳ್ಳಗ ಆಗತಾವ್ರಿ. ಬಿಟ್ರ ಮತ್ತ ಶುರು." ಹಿಂದಿನ ವರ್ಷ ಒಬ್ಬ ವೈದ್ಯರು ಒಂದು ವಾರಕ್ಕೆಂದು ಬರೆದುಕೊಟ್ಟ ಔಷಧಿ ಅದು. ಆಮೇಲೆ ಖಾಲಿ ಬಾಟಲಿ ತೋರಿಸಿ ಮೆಡಿಕಲ್ ಶಾಪಿನಿಂದ ತಂದು ತಂದು ಹಾಕಿದ್ದರು. ಎಂಟು ತಿಂಗಳು. ಕಣ್ಣು ಉರಿದಾಗ ಅಜ್ಜಿಯೂ ಅದನ್ನೇ ಹಾಕಿಕೊಂಡಿದ್ದರು. ಕಾಲೇಜಿಗೆ ಹೋಗುವ ಅಕ್ಕನೂ ಅಷ್ಟೇ. ರಾಶಿ ಮಾಡಿ ಬಂದ ದಿನ ಅಪ್ಪನೂ ಎರಡು ಹನಿ.

ಲೇಬಲ್ ಮೇಲೆ ಉಳಿದಿದ್ದ ಅಕ್ಷರ ಓದಿದೆ. ಡೆಕ್ಸಾಮೆಥಾಸೋನ್. ಅದು ಸ್ಟೀರಾಯ್ಡ್.

ಹುಡುಗನ ಮೇಲಿನ ರೆಪ್ಪೆಯನ್ನು ಮೆಲ್ಲಗೆ ಮಡಚಿ ನೋಡಿದೆ. ಒಳಮೈ ನುಣ್ಣಗಿರಬೇಕಿತ್ತು. ಅಲ್ಲಿ ಜೋಳದ ತೆನೆಯ ಮೇಲೆ ಕಾಳು ಒತ್ತೊತ್ತಾಗಿ ಕೂತಂತೆ ಗುಳ್ಳೆಗಳಿದ್ದವು. ನಡುವೆ ದಾರದಂತೆ ಎಳೆಯುವ ಬಿಳಿ ಪಿಸುರು. ಇದಕ್ಕೆ ನಾವು ವಿಕೆಸಿ ಅನ್ನುತ್ತೇವೆ, ವರ್ನಲ್ ಕೆರಟೋಕಂಜಂಕ್ಟಿವೈಟಿಸ್. ವರ್ನಲ್ ಅಂದರೆ ವಸಂತ ಕಾಲದ್ದು ಎಂದರ್ಥ. ಆದರೆ ನಮ್ಮಂಥ ಬಿಸಿಲು, ಒಣಗಾಳಿಯ ಊರುಗಳಲ್ಲಿ ಎಷ್ಟೋ ಮಕ್ಕಳಿಗೆ ವರ್ಷವಿಡೀ ಇರುತ್ತದೆ, ಬೇಸಿಗೆಯಲ್ಲಿ ಏರುತ್ತದೆ. ಬಹಳಷ್ಟು ಮಕ್ಕಳಲ್ಲಿ ಹದಿಹರೆಯ ದಾಟುವಾಗ ತಾನಾಗಿ ಇಳಿಯುತ್ತದೆ. ಅಲ್ಲಿಯವರೆಗೆ ಕಣ್ಣನ್ನು ಕೆಡದಂತೆ ಕಾಯುವುದು ನಮ್ಮೆಲ್ಲರ ಕೆಲಸ.

ಅವನ ಕಣ್ಣಿನ ಒತ್ತಡ ನೋಡಿದೆ. ಸಾಮಾನ್ಯವಾಗಿ 10ರಿಂದ 21ರೊಳಗೆ ಇರಬೇಕು. ಬಲಗಣ್ಣಿನಲ್ಲಿ 28 ಇತ್ತು. ಸ್ಟೀರಾಯ್ಡ್ ಡ್ರಾಪ್ಸ್ ತಿಂಗಳುಗಟ್ಟಲೆ ಹಾಕಿದರೆ ಕೆಲವರ ಕಣ್ಣಿನಲ್ಲಿ ಹೀಗೆ ಒತ್ತಡ ಏರುತ್ತದೆ. ನೋವಿಲ್ಲ, ಕೆಂಪಿಲ್ಲ. ಕಣ್ಣು ಬೆಳ್ಳಗೆ ಚೆಂದ ಕಾಣುತ್ತಿರುತ್ತದೆ, ಒಳಗೆ ನರ ಸೊರಗುತ್ತಿರುತ್ತದೆ. ಹೀಗೆ ನರ ಸೊರಗುವುದಕ್ಕೇ ಗ್ಲಾಕೋಮಾ ಅನ್ನುತ್ತೇವೆ. ಅದರಿಂದ ಹೋದ ದೃಷ್ಟಿ ಮತ್ತೆ ಬರುವುದಿಲ್ಲ. ಚಿಕ್ಕ ವಯಸ್ಸಿಗೇ ಪೊರೆಯೂ ಬರಬಹುದು. ತುರಿಕೆಯಿಂದ ಯಾರೂ ಕುರುಡಾಗುವುದಿಲ್ಲ ಅಂದುಕೊಂಡಿರುತ್ತೇವೆ. ತುರಿಕೆಗೆಂದು ಹಾಕಿದ ಹನಿಯಿಂದ ದೃಷ್ಟಿ ಕಳೆದುಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ. ಆ ತಂದೆ ತಾಯಿಯರ ಮುಖ ಮರೆಯಲಾಗಿಲ್ಲ.

ಸ್ಟೀರಾಯ್ಡ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಜೋರಾದಾಗ ನಾವೇ ಬರೆಯುತ್ತೇವೆ, ಎಣಿಸಿದ ದಿನಗಳಿಗೆ. ಮತ್ತೆ ಕರೆಸಿ ಒತ್ತಡ ನೋಡುತ್ತೇವೆ. ಮನೆಯಲ್ಲಿರುವ ಬಾಟಲಿಯನ್ನು ಇವತ್ತೇ ತೆಗೆದು ಓದಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಫ್ಲೋರೋಮೆಥೋಲೋನ್, ಲೋಟೆಪ್ರೆಡ್ನಾಲ್ ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್. ಎಷ್ಟೋ ಸಲ ಆ್ಯಂಟಿಬಯೋಟಿಕ್ ಜೊತೆ ಸೇರಿಸಿ ಒಂದೇ ಬಾಟಲಿಯಲ್ಲಿ ಇರುತ್ತದೆ, ಹಾಗಾಗಿ ಎರಡನೇ ಹೆಸರನ್ನೂ ಓದಿ. ಬಹಳ ದಿನದಿಂದ ಹಾಕುತ್ತಿದ್ದರೆ ಗಾಬರಿಯಾಗಿ ನೀವೇ ತಟ್ಟನೆ ನಿಲ್ಲಿಸಲೂ ಬೇಡಿ. ಬಾಟಲಿ ಸಮೇತ ಕಣ್ಣಿನ ವೈದ್ಯರ ಹತ್ತಿರ ಹೋಗಿ.

ಹಾಗಾದರೆ ತುರಿಕೆಗೆ ಏನು ಮಾಡಬೇಕು? ಮೊದಲು ತುರಿಕೆ ಹೇಗೆ ಹುಟ್ಟುತ್ತದೆ ನೋಡಿ. ರೆಪ್ಪೆಯ ಒಳಪದರದಲ್ಲಿ ಮಾಸ್ಟ್ ಸೆಲ್ ಎಂಬ ಜೀವಕೋಶಗಳಿವೆ. ಪುಟ್ಟ ಚೀಲಗಳಂತೆ. ಒಳಗೆ ಹಿಸ್ಟಮಿನ್ ತುಂಬಿರುತ್ತದೆ. ಪರಾಗವೋ ಧೂಳೋ ತಾಗಿದಾಗ ಚೀಲ ಒಡೆದು ಹಿಸ್ಟಮಿನ್ ಹೊರಬರುತ್ತದೆ. ಕಣ್ಣು ಕೆಂಪಾಗುತ್ತದೆ, ನೀರು ಸುರಿಯುತ್ತದೆ, ತುರಿಸುತ್ತದೆ. ಆಗ ತಿಕ್ಕುತ್ತೇವೆ. ತಿಕ್ಕಿದರೆ ಇನ್ನಷ್ಟು ಚೀಲಗಳು ಒಡೆಯುತ್ತವೆ. ತಿಕ್ಕಿದಷ್ಟೂ ತುರಿಕೆ ಹೆಚ್ಚುವುದು ಇದಕ್ಕೇ. ವರ್ಷಗಟ್ಟಲೆ ಜೋರಾಗಿ ತಿಕ್ಕಿದ ಕಣ್ಣಿನ ಕರಿಗುಡ್ಡೆಯ ಮುಂದಿನ ಪಾರದರ್ಶಕ ಪದರ ತೆಳ್ಳಗಾಗಿ ಮುಂದಕ್ಕೆ ಉಬ್ಬುವುದೂ ಉಂಟು. ಅದಕ್ಕೆ ಕೆರಟೋಕೋನಸ್ ಅಂತಾರೆ. ಆರಾರು ತಿಂಗಳಿಗೆ ಮಗುವಿನ ಚಶ್ಮಾದ ಸಿಲಿಂಡರ್ ನಂಬರ್ (ಚೀಟಿಯಲ್ಲಿ CYL ಎಂದಿರುವುದು) ಬದಲಾಗುತ್ತಿದ್ದರೆ ಕೆರಟೋಕೋನಸ್ ಇದೆಯೇ ಎಂದು ಪರೀಕ್ಷೆ ಮಾಡಿಸಲೇಬೇಕು.

"ತಿಕ್ಕಬೇಡ" ಎಂದು ಬರೀ ಬೈದರೆ ಮಗು ಬಿಡುವುದಿಲ್ಲ ಅಲ್ವಾ? ಆ ಕೈಗೆ ಬೇರೆ ಕೆಲಸ ಕೊಡಬೇಕು. ಫ್ರಿಜ್ಜಿನ ನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಐದು ನಿಮಿಷ ಇಡಿ. ತಂಪಿಗೆ ತುರಿಕೆ ನಿಜವಾಗಿಯೂ ಇಳಿಯುತ್ತದೆ. ಕೃತಕ ಕಣ್ಣೀರಿನ ಡ್ರಾಪ್ಸ್ ಫ್ರಿಜ್ಜಿನಲ್ಲಿಟ್ಟು ಹಾಕಿದರೆ ಧೂಳು, ಪರಾಗವೂ ತೊಳೆದು ಹೋಗುತ್ತದೆ. ಅದರ ಮೇಲೆ ಓಲೋಪಟಾಡಿನ್‌ನಂಥ ಅಲರ್ಜಿ ಡ್ರಾಪ್ಸ್, ದಿನಕ್ಕೆ ಒಂದೋ ಎರಡೋ ಸಲ, ವೈದ್ಯರು ಹೇಳಿದಂತೆ. ಇದು ಸ್ಟೀರಾಯ್ಡ್ ಅಲ್ಲ. ಸ್ಟೀರಾಯ್ಡ್‌ನಷ್ಟು ಬೇಗ ಕಣ್ಣು ಬೆಳ್ಳಗಾಗದಿದ್ದರೂ ದಿನಾ ಹಾಕಿದರೆ ಆ ಚೀಲಗಳು ಒಡೆಯುವುದೇ ಕಡಿಮೆಯಾಗುತ್ತದೆ. ಪ್ರತಿ ವರ್ಷ ಅದೇ ಸಮಯಕ್ಕೆ ಬರುತ್ತದೆಂದು ಗೊತ್ತಿದ್ದರೆ ಎರಡು ವಾರ ಮೊದಲೇ ಬನ್ನಿ. ಈ ಹುಡುಗನಂತೆ ಹಟ ಹಿಡಿದ ವಿಕೆಸಿಗೆ ಸೈಕ್ಲೋಸ್ಪೋರಿನ್ ಡ್ರಾಪ್ಸ್, ಟ್ಯಾಕ್ರೋಲಿಮಸ್ ಮುಲಾಮು ಇವೆ. ಸ್ವಲ್ಪ ಉರಿಯುತ್ತವೆ. ಕೆಲಸ ಶುರುಮಾಡಲು ವಾರಗಳೇ ಬೇಕು. ಅದನ್ನು ಮೊದಲೇ ತಿಳಿಸದಿದ್ದರೆ ಮನೆಯವರು ನಾಲ್ಕೇ ದಿನಕ್ಕೆ ಬಿಟ್ಟು ಹಳೇ ಬಾಟಲಿಗೆ ಹೋಗುತ್ತಾರೆ.

ಇನ್ನು ಅಜ್ಜಿ. ಅವರಿಗೆ ಇದ್ದದ್ದು ಅಲರ್ಜಿಯೇ ಅಲ್ಲ. ಉರಿ, ಮರಳು ಬಿದ್ದಂತೆ ಚುಚ್ಚು, ಸಂಜೆಗೆ ಜಾಸ್ತಿ. ಕಣ್ಣು ಒಣಗಿತ್ತು. ಅವರಿಗೆ ಕೃತಕ ಕಣ್ಣೀರು ಸಾಕಾಗಿತ್ತು. ಅವರು ನಂದಿಬಟ್ಟಲು ಹೂವಿನ ವಿಷಯ ಕೇಳಿದರು. ತೊಳೆದ ಹೂವನ್ನು ಮುಚ್ಚಿದ ರೆಪ್ಪೆಯ ಮೇಲೆ ಇಟ್ಟುಕೊಳ್ಳಿ, ತಂಪಾಗುತ್ತದೆ, ನನ್ನ ಅಡ್ಡಿಯಿಲ್ಲ. ಆದರೆ ಅದರ ರಸ ಹಿಂಡಿ ಕಣ್ಣೊಳಗೆ ಬಿಡಬೇಡಿ. ಎದೆಹಾಲು, ಜೇನುತುಪ್ಪ, ಹರಳೆಣ್ಣೆಯೂ ಬೇಡ. ತಿಕ್ಕಿ ತಿಕ್ಕಿ ಗೀರು ಬಿದ್ದ ಕಣ್ಣಿಗೆ ಇವುಗಳಿಂದ ಸೋಂಕು ತಗುಲಿದರೆ ಹುಣ್ಣಾಗುತ್ತದೆ.

ಅಕ್ಕನಿಗೆ ಕಾಂಟ್ಯಾಕ್ಟ್ ಲೆನ್ಸ್ ಇತ್ತು. ತುರಿಕೆ ಇರುವಷ್ಟು ದಿನ ಚಶ್ಮಾ ಹಾಕಿಕೋ ಅಂದೆ, ಕಾಡಿಗೆಯೂ ಬೇಡ ಅಂದೆ. ಲೆನ್ಸ್ ಮೇಲೆಯೇ ಡ್ರಾಪ್ಸ್ ಹಾಕಬಾರದು. ಅಪ್ಪನಿಗೆ ರಾಶಿ ಯಂತ್ರದ ಹೊಟ್ಟು ಹಾರಿದಾಗಷ್ಟೇ ತೊಂದರೆ. ಬದಿ ಮುಚ್ಚಿದ ಕನ್ನಡಕ ಹಾಕಲಿ, ಮನೆಗೆ ಬಂದ ಕೂಡಲೇ ಮುಖ ತೊಳೆದು ಅಂಗಿ ಬದಲಿಸಲಿ. ಖಾರ ಕುಟ್ಟಿಸುವಾಗ ಎಲ್ಲರ ಕಣ್ಣೂ ಉರಿಯುತ್ತದೆ, ಸೊಳ್ಳೆಬತ್ತಿಯ ಹೊಗೆಗೂ ಅಷ್ಟೇ, ಅದು ಅಲರ್ಜಿಯಲ್ಲ. ಆದರೆ ಅಲರ್ಜಿ ಇರುವ ಕಣ್ಣನ್ನು ಅದು ಇನ್ನೂ ಕೆಣಕುತ್ತದೆ.

ಮನೆಯೊಳಗೆ ನಾನು ಮೊದಲು ಕೇಳುವುದು ಹಾಸಿಗೆಯ ಬಗ್ಗೆ. ಟ್ರಂಕಿನಲ್ಲಿ ಮಡಚಿಟ್ಟ ಕೌದಿ, ಹಳೇ ಹತ್ತಿ ಗಾದಿ, ದಿಂಬು ಇವುಗಳಲ್ಲಿ ಬರಿಗಣ್ಣಿಗೆ ಕಾಣದ ಧೂಳಿನ ಹುಳಗಳು ಇರುತ್ತವೆ. ದಿಂಬಿನ ಕವರ್, ಚಾದರಗಳನ್ನು ವಾರಕ್ಕೊಮ್ಮೆ ಚೆನ್ನಾಗಿ ಬಿಸಿಯಾದ ನೀರಿನಲ್ಲಿ ತೊಳೆಯಿರಿ, ಬಿಸಿಲಿಗೆ ಹಾಕಿ. ಕೌದಿ ಕೊಡವುವಾಗ ಮಗು ಹತ್ತಿರ ಇರಬಾರದು. ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಮಳೆ ಬಿದ್ದ ಮೇಲೆ ಖಾಲಿ ಸೈಟುಗಳಲ್ಲಿ ಎದ್ದು ನಿಲ್ಲುವ ಕಾಂಗ್ರೆಸ್ ಕಸವನ್ನು, ಅದೇ ಪಾರ್ಥೇನಿಯಂ, ಬಿಳಿ ಹೂ ಬಿಡುವ ಮುಂಚೆಯೇ ಕೀಳಿಸಿ. ಕೀಳುವವರು ಕೈಗವಸು, ಮುಖವಸ್ತ್ರ ಹಾಕಿಕೊಳ್ಳಲಿ.

ಇಂಥ ಮಕ್ಕಳನ್ನು ಶಾಲೆಯಿಂದ ಮನೆಗೆ ಕಳಿಸುವುದು ನನಗೆ ಬಹಳ ಬೇಸರದ ಸಂಗತಿ. 2023ರ ಜುಲೈನಲ್ಲಿ ಮದ್ರಾಸ್ ಐ ಹಬ್ಬಿದಾಗ ಕೆಂಪು ಕಣ್ಣೆಂದರೆ ಎಲ್ಲರೂ ದೂರ ಸರಿಯುತ್ತಿದ್ದರು. ಆ ಸೋಂಕು ಸಾಮಾನ್ಯವಾಗಿ ಒಂದು ಕಣ್ಣಿನಲ್ಲಿ ಶುರುವಾಗುತ್ತದೆ, ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿರುತ್ತದೆ, ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಅಲರ್ಜಿ ಎರಡೂ ಕಣ್ಣಿಗೆ ಬರುತ್ತದೆ, ತುರಿಕೆಯೇ ಮುಂದಾಗಿರುತ್ತದೆ, ಯಾರಿಗೂ ಅಂಟುವುದಿಲ್ಲ. ವಿಕೆಸಿ ಇರುವ ಮಕ್ಕಳ ಕಣ್ಣಿನ ಬಿಳಿ ಭಾಗ ಕಂದು ಬಣ್ಣಕ್ಕೆ ಮಾಸಿರುವುದೂ ಉಂಟು. ಅದು ಕಾಮಾಲೆಯಲ್ಲ. ಟೀಚರಿಗೆ ತೋರಿಸಲೆಂದು ನಾನು ಒಂದು ಚೀಟಿ ಬರೆದುಕೊಡುತ್ತೇನೆ.

ಮಗು ಬೆಳಕಿಗೆ ಕಣ್ಣು ಬಿಡದಿದ್ದರೆ, ನೋವು ಎಂದರೆ, ಮಂಜಾಗಿದೆ ಎಂದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅವತ್ತೇ ತೋರಿಸಿ. ನಾಳೆಗೆ ಇಡಬೇಡಿ.

ಮೂರು ವಾರ ಬಿಟ್ಟು ಆ ಮನೆಯವರು ಮತ್ತೆ ಬಂದರು. ಸ್ಟೀರಾಯ್ಡ್ ಬಿಡಿಸಿದ್ದೆವು. ಬಲಗಣ್ಣಿನ ಒತ್ತಡ 19ಕ್ಕೆ ಇಳಿದಿತ್ತು, ನರ ಚೆನ್ನಾಗಿತ್ತು. ತಾಯಿ ಈ ಸಲ ಮೂರು ಬಾಟಲಿ ತಂದಿದ್ದರು. ಒಂದೊಂದಕ್ಕೂ ಬಿಳಿ ಪಟ್ಟಿ ಅಂಟಿಸಿ ಯಾರದ್ದೆಂದು ಹೆಸರು, ತೆರೆದ ತಾರೀಖು ಬರೆದಿದ್ದರು. ತಿಂಗಳಾದ ಮೇಲೆ ಎಸೆಯಿರಿ ಎಂದು ನಾನೇ ಹೇಳಿದ್ದೆ. ಹುಡುಗ ಅಲ್ಲಿಯವರೆಗೂ ಸುಮ್ನೆ ಕೂತಿದ್ದ. ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು ಕೇಳಿದ, "ಡಾಕ್ಟ್ರ, ಕ್ರಿಕೆಟ್ ಆಡ್ಲೇನ್ರಿ?" ಎರಡು ತಿಂಗಳಿಂದ ಮನೆಯಲ್ಲಿ ಬಿಟ್ಟಿರಲಿಲ್ಲವಂತೆ. ಆಡು ಅಂದೆ. ಬಿಸಿಲು ಇಳಿದ ಮೇಲೆ, ಟೊಪ್ಪಿಗೆ ಹಾಕಿಕೊಂಡು. ಬಂದ ಮೇಲೆ ತಣ್ಣೀರಿನಲ್ಲಿ ಮುಖ ತೊಳೆದುಕೋ.